ಮೂಲಂಗಿ ಕೊಡದ ಮನೆ

ಕಿನುಯೊ ಹೋಗಿ ಒಂಬತ್ತು ತಿಂಗಳಾಯಿತು. ಅವಳ ಹಳದಿ ಬಟ್ಟೆಚೀಲ ನನ್ನ ಮನೆಯ ಬಾಗಿಲ ಹಿಂದೆ, ಮಳೆಕೋಟಿನ ಪಕ್ಕದ ಮೊಳೆಯಲ್ಲಿ ತೂಗುತ್ತಿದೆ. ಹೋದ ವರ್ಷ ನವೆಂಬರ್‌ನಲ್ಲಿ ಅವಳೇ ಅದನ್ನು ಅಲ್ಲಿಗೆ ಸಿಕ್ಕಿಸಿ, "ನಿಮ್ಮನೇಲೇ ಇರ್ಲಿ ರಿತ್ಸು, ಬರೋ ವರ್ಷ ಹುಡುಕೋದು ತಪ್ಪುತ್ತೆ" ಎಂದಿದ್ದಳು. ಬರುವ ವರ್ಷ ತಾನಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. "ಸರಿ" ಎಂದೆ.

ಅವಳ ಚರ್ಚಿನ ನಾಲ್ಕು ಪುಟದ ಪತ್ರಿಕೆಯಲ್ಲಿ ಪಾದ್ರಿ ನರುಸೆಯವರು ಅವಳ ಬಗ್ಗೆ ಹನ್ನೆರಡು ಸಾಲು ಬರೆದರು. ನಿಷ್ಠಾವಂತೆ, ನಗುಮುಖದವಳು, ನಲವತ್ತೊಂದು ವರ್ಷ ಸಭೆಗೆ ತಪ್ಪಿಸಿದವಳಲ್ಲ. ಎಲ್ಲವೂ ನಿಜವೇ. ಅವಳ ಅಕ್ಕನ ಹೆಸರು ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ. ಅಕ್ಕನನ್ನು ಬಿಟ್ಟು ಕಿನುಯೊಳ ಕಥೆ ಹೇಳಲು ನನಗೆ ಬರುವುದಿಲ್ಲ.

ನಮ್ಮ ಇಸೊತಾನಿಯಲ್ಲಿ ಮುಂದೆ ಬಂದರು, ಹಿಂದೆ ಗುಡ್ಡ, ನಡುವೆ ಎರಡು ಬೀದಿ. ಕಿನುಯೊ ಕಡೋವಾಕಿ ಮೂವತ್ತಾರು ವರ್ಷ ಮೀನುಗಾರರ ಸಹಕಾರ ಸಂಘದ ಒಣಮೀನು ಶೆಡ್ಡಿನಲ್ಲಿ ಕೆಲಸ ಮಾಡಿದಳು. ಮೀನು ಸೀಳುವುದು, ಉಪ್ಪುನೀರಿನಲ್ಲಿ ಅದ್ದುವುದು, ಬಲೆಯ ಮೇಲೆ ಹರಡುವುದು. ಒಂದು ಮೀನಿಗೆ ಮೂರು ಕೊಯ್ತ ಸಾಕು, ನಾಲ್ಕನೆಯದು ಬೇಕಾದರೆ ಚಾಕು ಮಸೆಯಬೇಕು ಎನ್ನುತ್ತಿದ್ದಳು. ಮದುವೆಯಾಗಲಿಲ್ಲ. ನಾವಿಬ್ಬರೂ ಒಂದನೇ ತರಗತಿಯಿಂದ ಒಂದೇ ಬೆಂಚು. ನಾನು ಊರಿನ ಲೈಬ್ರರಿಗೆ ಸೇರಿದೆ. ಗುರುವಾರ ಗುರುವಾರ ಕೆಲಸ ಮುಗಿಸಿ ಅವಳು ಅಲ್ಲಿಗೆ ಬರುತ್ತಿದ್ದಳು. ಪುಸ್ತಕಕ್ಕೆ ಮೀನಿನ ವಾಸನೆ ಹತ್ತಬಾರದೆಂದು ಬಿಳಿ ಹತ್ತಿಯ ಕೈಗವಸು ಹಾಕಿಕೊಂಡೇ ಹಾಳೆ ತಿರುವುತ್ತಿದ್ದಳು.

ಅವಳು ಕ್ರೈಸ್ತಳಾದದ್ದು ಕೇಕಿನಿಂದ. ನಾರ್ವೆಯಿಂದ ಬಂದಿದ್ದ ಮಿಸ್ ಸೊಲ್ವೆಗ್ ಎಂಬ ಮಿಷನರಿ ಹೆಂಗಸು ಹಳೆಯ ಬಲೆ ಉಗ್ರಾಣವೊಂದನ್ನು ಬಾಡಿಗೆಗೆ ಹಿಡಿದು, ಊರಿಗೆ ಮೊದಲ ಒಲೆಪೆಟ್ಟಿಗೆ ತರಿಸಿ, ಶನಿವಾರ ಶನಿವಾರ ಕೇಕು ಮಾಡುವುದನ್ನು ಕಲಿಸುತ್ತಿದ್ದರು. ಕೇಕು ಬೇಯುವ ಮುಕ್ಕಾಲು ಗಂಟೆಯಲ್ಲಿ ಬೈಬಲ್ ಓದು. ನಾವು ಐದಾರು ಜನ ಹೋಗಿದ್ದೆವು. ಉಳಿದವರೆಲ್ಲ ಕೇಕು ಕಲಿತು ಹೋಗುವುದನ್ನು ಬಿಟ್ಟೆವು. ಕಿನುಯೊ ಕೇಕನ್ನು ಪ್ರತಿ ಸಲ ಸುಟ್ಟಳು, ಓದಿಗೆ ಮಾತ್ರ ತಪ್ಪಿಸಲಿಲ್ಲ. ಮೂವತ್ತನೇ ವಯಸ್ಸಿಗೆ ದೀಕ್ಷಾಸ್ನಾನ ಮಾಡಿಸಿಕೊಂಡಳು.

"ಕಡೋವಾಕಿ ಮನೆ ಚಿಕ್ಕ ಮಗಳು ಒಂದು ತುಂಡು ಕೇಕಿಗೆ ಬುದ್ಧನ್ನ ಬಿಟ್ಲಂತೆ" ಎಂದು ಶೆಡ್ಡಿನ ಹೆಂಗಸರು ಹಂಗಿಸಿದರು.

"ಒಂದಲ್ಲ, ಎರಡು ತುಂಡು" ಎಂದಳಂತೆ ಇವಳು, ಕೈಯಲ್ಲಿದ್ದ ಮೀನಿನಿಂದ ಕಣ್ಣೆತ್ತದೆ.

ಮರುವರ್ಷ ಅವಳ ಅಪ್ಪ ತೀರಿಕೊಂಡರು. ಅಂತ್ಯಕ್ರಿಯೆಯ ದಿನ ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಭಿಕ್ಷುಗಳ ಮಂತ್ರ ನಡೆಯುತ್ತಿದ್ದಾಗ ಮನೆಯವರು ಒಬ್ಬೊಬ್ಬರಾಗಿ ಎದ್ದು ಹೋಗಿ ಧೂಪದ ಪುಡಿಯನ್ನು ಚಿಟಿಕೆಯಷ್ಟು ತೆಗೆದು, ಹಣೆಗೊತ್ತಿಕೊಂಡು, ಕೆಂಡದ ಮೇಲೆ ಉದುರಿಸಿ ಬಂದರು. ಅಕ್ಕ ಶಿಗೆನೊ ಹಾಕಿದಳು, ಅವಳ ಗಂಡ ಹಾಕಿದ. ಕಿನುಯೊಳ ಸರದಿ ಬಂತು. ಎದ್ದು ಹೋದಳು. ಸೊಂಟ ಮುರಿಯುವಷ್ಟು ಬಾಗಿದಳು. ಕೈ ಮಾತ್ರ ಧೂಪದ ಬಟ್ಟಲ ಕಡೆ ಹೋಗಲೇ ಇಲ್ಲ. ತಿರುಗಿ ಬಂದು ಕೂತಳು.

ಚಿತಾಗಾರದಿಂದ ಮರಳಿದ ಮೇಲೆ ಹೊಸ್ತಿಲಲ್ಲಿ ನಿಂತು ಶಿಗೆನೊ ಹೇಳಿದ್ದು ಇಷ್ಟು: "ಅಪ್ಪಂಗೆ ಒಂದು ಚಿಟಿಕೆ ಧೂಪ ಹಾಕೋಕಾಗದ ಕೈ ಈ ಮನೆ ಬಾಗಿಲು ಮುಟ್ಟೋದು ಬೇಡ."

ಅದಾಗಿ ನಲವತ್ತು ವರ್ಷ. ಕಿನುಯೊಳ ಕೋಣೆಯಿಂದ ಆ ಮನೆಗೆ ಹನ್ನೆರಡು ನಿಮಿಷದ ದಾರಿ. ಅಂಗಡಿಯಲ್ಲಿ ಎದುರಾದರೆ ಶಿಗೆನೊ ತೋಫು ಇಟ್ಟ ಕಪಾಟಿನ ಕಡೆ ತಿರುಗಿ ನಿಲ್ಲುತ್ತಿದ್ದಳು. "ನಮ್ಮಕ್ಕ ಎಷ್ಟು ತೋಫು ತಿಂತಾಳೋ ಪಾಪ" ಎಂದು ಕಿನುಯೊ ನಗುತ್ತಿದ್ದಳು. ಆದರೆ ಅವಳಿಗೆ ಬೇಕಾಗಿದ್ದದ್ದು ಒಂದೇ. ಅಕ್ಕ ಒಮ್ಮೆ ಬಾಗಿಲು ತೆಗೆದು "ಬಾ" ಅನ್ನಬೇಕು. "ಯೇಸುಸ್ವಾಮೀನ ನಂಬೋದು ಬಿಡೋದು ಆಮೇಲಿನ ಮಾತು ರಿತ್ಸು. ಮೊದ್ಲು ಬಾ ಅನ್ಲಿ."

ನವೆಂಬರ್ ತಿಂಗಳ ಮೂರನೇ ಶನಿವಾರ ಅವರ ಸಭೆಯವರು ಊರ ಮನೆ ಮನೆಗೆ ಹೋಗಿ ಕ್ರಿಸ್‌ಮಸ್ ಸಂಜೆಯ ಮೇಣದಬತ್ತಿ ಆರಾಧನೆಗೆ ಕರೆಯುವ ಕರಪತ್ರ ಹಂಚುತ್ತಾರೆ. ಸಭೆ ಎಂದರೆ ಒಂಬತ್ತು ಜನ, ಅದರಲ್ಲಿ ನಡೆಯಬಲ್ಲವರು ಐದು. ಇಬ್ಬಿಬ್ಬರಾಗಿ ಹೋಗಬೇಕೆಂಬ ಪದ್ಧತಿ. ಇಪ್ಪತ್ತೆರಡು ವರ್ಷದ ಹಿಂದೆ ಅವಳಿಗೆ ಜೊತೆಯಿಲ್ಲವೆಂದು ನಾನು ಹೋದೆ. ನಮ್ಮದು ಬೌದ್ಧ ದೇವಸ್ಥಾನಕ್ಕೆ ಸೇರಿದ ಮನೆ; ಈಗಲೂ ಬೆಳಿಗ್ಗೆ ಎದ್ದು ಅಮ್ಮನ ಫೋಟೋದ ಮುಂದೆ ಗಂಟೆ ಬಾರಿಸುತ್ತೇನೆ. "ನಾನು ಬಂದ್ರೆ ನಿಮ್ಮ ದೇವರು ಏನೂ ಅಂದ್ಕೊಳ್ಳಲ್ವಾ?" ಎಂದು ಕೇಳಿದ್ದೆ. "ನೀನು ಚೀಲ ಹೊತ್ಕೊ ಸಾಕು, ದೇವ್ರನ್ನ ನಾನು ಹೊತ್ಕೋತೀನಿ" ಎಂದಿದ್ದಳು.

ಆ ಕೆಲಸಕ್ಕೆ ಒಂದು ನಿಯಮವಿತ್ತು. ಹಿಂದೊಮ್ಮೆ ಯಾರೋ ಬೀದಿಯ ಸಂಘಕ್ಕೆ ದೂರು ಕೊಟ್ಟಿದ್ದರಿಂದ, 'ಕರಪತ್ರ ಹಾಕಬೇಡಿ' ಎಂಬ ಚೀಟಿ ಅಂಟಿಸಿದ ಟಪಾಲು ಡಬ್ಬಿಗೆ ಹಾಕುವುದಿಲ್ಲ, ಅಂಥ ಮನೆಯ ಕರೆಗಂಟೆ ಒತ್ತುವುದಿಲ್ಲ ಎಂದು ಚರ್ಚಿನವರು ಮಾತು ಕೊಟ್ಟಿದ್ದರು. ಶಿಗೆನೊಳ ಡಬ್ಬಿಯ ಮೇಲೆ ಆ ಚೀಟಿ ಇತ್ತು. ಕಿನುಯೊ ಪ್ರತಿ ವರ್ಷ ಅಲ್ಲಿಗೆ ಬಂದು, ಗೇಟಿನ ಹೊರಗೆ ಒಂದು ನಿಮಿಷ ಕಣ್ಮುಚ್ಚಿ ನಿಂತು, ಮುಂದಿನ ಮನೆಗೆ ಹೋಗುತ್ತಿದ್ದಳು. "ಹಾಕೇ ಬಿಡೆ, ಯಾರು ನೋಡ್ತಾರೆ" ಎಂದು ನಾನೇ ಎಷ್ಟೋ ಸಲ ಚುಚ್ಚಿದ್ದೆ. "ಅವಳು ಬೇಡ ಅಂತ ಬರ್ದಿದ್ದಾಳೆ. ಅವಳ ಮಾತು ಒಂದ್ಸಲ ಮೀರಿದ್ದು ಸಾಲ್ದಾ?" ಎನ್ನುತ್ತಿದ್ದಳು.

ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ಡಾಕ್ಟರು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದರು, ಹೆಚ್ಚೆಂದರೆ ವಸಂತದವರೆಗೆ ಎಂದರು. ನವೆಂಬರ್ ಹೊತ್ತಿಗೆ ಅವಳ ಕೋಟು ಬೇರೆ ಯಾರದೋ ಕೋಟಿನ ಹಾಗೆ ಕಾಣುತ್ತಿತ್ತು.

ಆ ಶನಿವಾರ ಬೆಳಿಗ್ಗೆ ಈಗ ಚರ್ಚಾಗಿರುವ ಆ ಹಳೆಯ ಉಗ್ರಾಣದಲ್ಲಿ ನರುಸೆಯವರು ಬೀದಿಗಳನ್ನು ಹಂಚಿದರು. "ಕಿನುಯೊ ಅವರೇ, ನೀವಿಬ್ಬರೂ ಈ ವರ್ಷ ನನ್ನ ಕಾರಲ್ಲಿ ಬನ್ನಿ."

"ಕಾರಲ್ಲಿ ಹೋದ್ರೆ ಸಾಲ ವಸೂಲಿಗೆ ಬಂದ್ರು ಅಂದ್ಕೋತಾರೆ ಗುರುಗಳೇ. ನಡೀತೀವಿ."

ಕರಪತ್ರದ ಚಿತ್ರ ಅವಳೇ ಬರೆದದ್ದು: ಒಂದು ಏಡಿ ತನ್ನ ಕೊಂಡಿಯಲ್ಲಿ ಮೇಣದಬತ್ತಿ ಹಿಡಿದಿದೆ. ಏಡಿಯ ಕಾಲುಗಳು ಒಂದು ಕಡೆ ಐದು, ಇನ್ನೊಂದು ಕಡೆ ಆರು. ಅಚ್ಚಾದ ಮೇಲೆ ನಾನು ಎಣಿಸಿ ಹೇಳಿದೆ. "ಹಬ್ಬಕ್ಕೆ ಒಂದು ಕಾಲು ಹೆಚ್ಚಿಗೆ ಇರ್ಲಿ ಬಿಡು" ಎಂದಳು.

ಬಂದರಿನ ಬೀದಿಯಲ್ಲಿ ಮೊದಲ ಮನೆ ಬೀದಿ ಸಂಘದ ಅಧ್ಯಕ್ಷ ಮಕಿತಾ ಅಜ್ಜನದು. ಹಿತ್ತಲಲ್ಲಿ ಮೂಲಂಗಿ ತೊಳೆಯುತ್ತಿದ್ದವನು ನಮ್ಮನ್ನು ಕಂಡು ಕೂಗಿದ:

"ಬಂದ್ರಪ್ಪಾ ಯೇಸು ಕಡೆಯವ್ರು! ಈ ವರ್ಷನೂ ಇಬ್ರೇನಾ? ನಿಮ್ಮ ಸೈನ್ಯ ಬೆಳೀಲೇ ಇಲ್ವಲ್ಲ!"

"ನೀವು ಸೇರಿದ್ರೆ ಮೂವರಾಗ್ತೀವಿ ಅಜ್ಜ."

"ನಾನಾ? ನಾನು ಬಂದ್ರೆ ನಿಮ್ಮ ಸ್ವರ್ಗದಲ್ಲಿ ಸಾಕೆ ಹೆಂಡ ಸಿಗುತ್ತಾ ಅಂತ ಹೋದ ವರ್ಷ ಕೇಳಿದ್ದೆ. ಉತ್ತರ ತರ್ತೀನಿ ಅಂತ ನೀನೇ ಅಂದಿದ್ದೆ."

"ವಿಚಾರಿಸ್ತಾ ಇದೀನಿ. ಇನ್ನೇನು, ನಾನೇ ಹೋಗಿ ನೋಡಿ ಹೇಳ್ತೀನಿ."

ಮಕಿತಾ ಅಜ್ಜನ ನಗು ಅರ್ಧಕ್ಕೆ ನಿಂತಿತು. ಅವಳ ಕೋಟನ್ನು ನೋಡಿದ. ಎರಡು ಕೈಯಲ್ಲೂ ಕರಪತ್ರ ತೆಗೆದುಕೊಂಡು ತಲೆಬಾಗಿದ. ಆಮೇಲೆ ಒಳಗೆ ಓಡಿ, ಇದ್ದುದರಲ್ಲೇ ದಪ್ಪನೆಯ ಎರಡು ಮೂಲಂಗಿಗಳನ್ನು ಪತ್ರಿಕೆಯಲ್ಲಿ ಸುತ್ತಿ ತಂದು ನನ್ನ ಕೈಗಿಟ್ಟ.

ಎಲ್ಲ ಮನೆಯಲ್ಲೂ ಹೀಗೇ. ಕ್ಷೌರದಂಗಡಿಯ ಹೆಂಗಸು ಎಲೆಕೋಸು ಕೊಟ್ಟಳು. ಬೌದ್ಧ ದೇವಸ್ಥಾನದ ಪುರೋಹಿತರ ಹೆಂಡತಿ ಕರಪತ್ರ ತೆಗೆದುಕೊಂಡು, "ಏಡಿ ಮುದ್ದಾಗಿದೆ" ಎಂದು ಅಕ್ಕಿ ಬಿಸ್ಕತ್ತಿನ ಪೊಟ್ಟಣ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಕರಪತ್ರದ ಹಳದಿ ಚೀಲ ಹಗುರಾಗಿತ್ತು, ನನ್ನ ಭುಜದ ಚೀಲ ಇಳಿಬಿದ್ದಿತ್ತು.

ಅಲೆತಡೆ ಗೋಡೆಯ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡು ಊಟಕ್ಕೆ ಕೂತೆವು. ಅವಳು ಒಂದು ಅನ್ನದುಂಡೆಯಲ್ಲಿ ಅರ್ಧ ತಿಂದು, ಉಳಿದದ್ದನ್ನು ಮತ್ತೆ ಎಲೆಯಲ್ಲಿ ಸುತ್ತಿದಳು.

"ನೋಡು ರಿತ್ಸು. ನಾನೊಂದು ಕಾಗದ ಕೊಡ್ತೀನಿ. ಅವ್ರು ಓಡಿಹೋಗಿ ಮೂಲಂಗಿ ತರ್ತಾರೆ. ಕೊಟ್ಟು ಬಾಗಿಲು ಹಾಕ್ಕೋತಾರೆ. ಅಲ್ಲಿಗೆ ಸರಿಸಮ ಆಯ್ತು, ಮುಗೀತು. ಯಾರೂ ಬರಲ್ಲ."

"ಕೊಟ್ಟೋರಿಗೆ ಏನಾದ್ರೂ ತಿರುಗಿ ಕೊಡದೆ ಇರೋಕಾಗುತ್ತೇನೆ? ಊರ ಪದ್ಧತಿ."

"ನಂಗೊತ್ತಿಲ್ವಾ? ಪಕ್ಕದ ಮನೆಯವ್ರು ಒಂದು ಮೀನು ಕಳಿಸಿದ್ರೆ, ತಿರುಗಿ ಏನಾದ್ರೂ ಕಳ್ಸೋವರ್ಗೂ ನಂಗೂ ಗಂಟ್ಲಲ್ಲಿ ಇಳಿಯಲ್ಲ. ಆದ್ರೆ ಇದೊಂದನ್ನ ಯಾರಾದ್ರೂ ಸುಮ್ನೆ ಇಟ್ಕೋಬಾರ್ದಾ? ತೀರಿಸ್ದೇ, ಹಾಗೇ?" ಆಮೇಲೆ ಓರೆಗಣ್ಣಲ್ಲಿ ನನ್ನ ಕಡೆ ನೋಡಿ, "ನಿನ್ನ ಮುರಬ್ಬಾನೂ ಸೇರ್ಸೇ ಹೇಳ್ತಿದೀನಿ" ಎಂದಳು.

ಪ್ರತಿ ವರ್ಷ ಚೀಲದಲ್ಲಿ ಉಳಿದ ಕೊನೆಯ ಕರಪತ್ರವನ್ನು ಅವಳು ನನಗೆ ಕೊಡುತ್ತಿದ್ದಳು. ಪ್ರತಿ ವರ್ಷ ಅದೇ ವಾರದಲ್ಲಿ ನಾನು ಹಿತ್ತಲ ಯುಜು ನಿಂಬೆಯ ಮುರಬ್ಬ ಮಾಡಿ ಒಂದು ಬಾಟಲಿ ಅವಳಿಗೆ ಕೊಡುತ್ತಿದ್ದೆ. ಎರಡನ್ನೂ ಜೊತೆಗಿಟ್ಟು ನಾನು ಯಾವತ್ತೂ ಯೋಚಿಸಿರಲಿಲ್ಲ. ನಲವತ್ತು ವರ್ಷ ಕೇಳದಿದ್ದುದನ್ನು ಅವತ್ತು ಕೇಳಿದೆ.

"ಆವತ್ತು ಒಂದು ಚಿಟಿಕೆ ಧೂಪ ಹಾಕಿದ್ರೆ ಏನಾಗ್ತಿತ್ತು ಅಂತ ಯೋಚ್ನೆ ಮಾಡಿದೀಯಾ?"

"ದಿನಾ."

"ಮತ್ತೆ?"

"ಆಗ ದೇವ್ರು ನನ್ನ ಬೆರಳನ್ನೇ ನೋಡ್ತಾ ಕೂತಿದಾನೆ ಅಂದ್ಕೊಂಡಿದ್ದೆ. ಅಕ್ಕನೂ ನೋಡ್ತಿದ್ಲು ಅನ್ನೋದು ಹೊಳೀಲೇ ಇಲ್ಲ." ಸಮುದ್ರದ ಕಡೆ ತಿರುಗಿದಳು. "ಈಗಾದ್ರೆ ಹಾಕ್ತಿದ್ನಾ ಅಂದ್ರೆ ಗೊತ್ತಿಲ್ಲ. ಆದ್ರೆ ಅಪ್ಪನ ಮುಂದೆ ಇನ್ನೊಂದು ಸ್ವಲ್ಪ ಹೊತ್ತು ಕೂತಿರ್ತಿದ್ದೆ. ಆವತ್ತು ಬೇಗ ಎದ್ದುಬಿಟ್ಟೆ."

ಗುಡ್ಡದ ಬೀದಿ ಹತ್ತುವಾಗ ಅವಳು ಮೂರು ಕಡೆ ನಿಂತಳು. ಕಡೋವಾಕಿ ಮನೆ ಮೇಲಿನ ತಿರುವಿನಲ್ಲಿದೆ. ಸೂರಿನಡಿಯಲ್ಲಿ ಸಿಪ್ಪೆ ತೆಗೆದ ಕಾಕಿಹಣ್ಣುಗಳನ್ನು ದಾರಕ್ಕೆ ಪೋಣಿಸಿ ಒಣಗಲು ತೂಗಿಬಿಟ್ಟಿದ್ದರು. ಕಿನುಯೊ ಎಂದಿನಂತೆ ಗೇಟಿನ ಮುಂದೆ ನಿಂತು ಕಣ್ಮುಚ್ಚಲು ಹೋದವಳು ಮುಚ್ಚಲಿಲ್ಲ.

"ರಿತ್ಸು. ಚೀಟಿ ಇಲ್ಲ."

ಡಬ್ಬಿಯ ಮೇಲೆ ಚೀಟಿ ಇದ್ದ ಕಡೆ ಚೌಕಾಕಾರದ ಜಾಗವೊಂದು ಉಳಿದೆಡೆಗಿಂತ ತಿಳಿಯಾಗಿ ಕಾಣುತ್ತಿತ್ತು. ಅವಳು ಕೈಗವಸು ತೆಗೆದು ಅದರ ಮೇಲೆ ಬೆರಳಾಡಿಸಿದಳು. "ಅಂಟೂ ಇಲ್ಲ" ಎಂದಳು.

"ಗಾಳಿಗೆ ಹಾರಿರ್ಬೇಕು" ಎಂದೆ. ಅವಳು ಆಸೆಪಟ್ಟು ಕೆಡಬಾರದಲ್ಲ ಎಂಬ ಭಯ ನನಗೆ.

"ಇರ್ಬೋದು. ಆದ್ರೆ ಬೇಡ ಅಂತ ಎಲ್ಲೂ ಬರ್ದಿಲ್ಲ ಈಗ."

ಒಂದು ಕರಪತ್ರ ತೆಗೆದಳು, ಮೂಲೆ ಮಡಿಚಿದೆಯೆಂದು ಅದನ್ನಿಟ್ಟು ಇನ್ನೊಂದು ತೆಗೆದಳು. ಎರಡು ಕೈಯಿಂದ ಡಬ್ಬಿಗೆ ಹಾಕಿದಳು. ಒಳಗೆ ಅದು ಬಿದ್ದ ಸದ್ದು ನನಗೂ ಕೇಳಿತು. ಮನೆಯೊಳಗೆ ರೇಡಿಯೊ ಮಾತಾಡುತ್ತಿದ್ದದ್ದು ನಿಂತಿತು. ನಾವು ಕಾದೆವು. ಬಾಗಿಲು ತೆರೆಯಲಿಲ್ಲ. ಕರೆಗಂಟೆ ಒತ್ತು ಎಂದರೆ ಅವಳು ಬೇಡವೆಂದು ತಲೆಯಾಡಿಸಿ, ಮುಚ್ಚಿದ ಬಾಗಿಲಿಗೆ ಆಳವಾಗಿ ಬಾಗಿ, ಇಳಿಜಾರಿನಲ್ಲಿ ನನ್ನ ತೋಳು ಹಿಡಿದುಕೊಂಡಳು.

ಅವತ್ತು ಸಂಜೆ ಹಳದಿ ಚೀಲವನ್ನು ನಮ್ಮ ಮನೆಯ ಮೊಳೆಗೆ ಸಿಕ್ಕಿಸಿ ಹೋದದ್ದು.

ಆಮೇಲೆ ಅವಳು ದಿನ ಲೆಕ್ಕ ಹಾಕತೊಡಗಿದಳು. ಫೋನ್ ಮಾಡಿ, "ಅಕ್ಕನ ಕಡೆಯಿಂದ ಏನೂ ಬಂದಿಲ್ಲ" ಎನ್ನುತ್ತಿದ್ದಳು. ಮೊದಲ ವಾರ ನಾನು ಸಮಾಧಾನ ಹೇಳಲು ಹೊರಟೆ.

"ಅಯ್ಯೋ ಪೆದ್ದಿ, ನಾನು ಅಳ್ತಿಲ್ಲ ಕಣೆ. ನಮ್ಮಕ್ಕ ಎಂಥೋಳು ಗೊತ್ತಲ್ಲ. ಯಾರಾದ್ರೂ ಒಂದು ಬೆಂಕಿಪೊಟ್ಟಣ ಕೊಟ್ರೂ ಮಾರನೇ ದಿನಕ್ಕೆ ತೀರ್ಸೋಳು. ನನ್ನ ಕಾಗದ ಬೇಡ ಅಂದಿದ್ರೆ ಯಾರ ಕೈಲಾದ್ರೂ ಎರಡು ಮೂಲಂಗಿ ಕಳ್ಸಿ ಕೈ ತೊಳ್ಕೋತಿದ್ಲು. ಕಳ್ಸಿಲ್ಲ. ಹತ್ತು ದಿನ ಆಯ್ತು, ಕಳ್ಸಿಲ್ಲ! ಮುಗ್ಸಿಲ್ಲ ರಿತ್ಸು ಅವಳು."

ಡಿಸೆಂಬರ್ ಇಪ್ಪತ್ನಾಲ್ಕರ ಸಂಜೆ ಚರ್ಚಿನಲ್ಲಿ ತನ್ನ ಪಕ್ಕದ ಕುರ್ಚಿಯ ಮೇಲೆ ಕೈಗವಸು ಇಟ್ಟುಕೊಂಡು ಕೂತಿದ್ದಳು. ಅದು ಅಕ್ಕನಿಗೆಂದು ಹಿಡಿದ ಜಾಗ. ಅವಳನ್ನು ಕರೆದೊಯ್ಯಲೆಂದು ನಾನು ಬಾಗಿಲ ಬಳಿ ನಿಂತಿದ್ದೆ, ಒಳಗೆ ಹೋಗಿ ಕೂರಲಿಲ್ಲ. ಯಾರೂ ಬರಲಿಲ್ಲ. ಫೆಬ್ರವರಿ ಹನ್ನೊಂದಕ್ಕೆ ಹಿಮ ಬೀಳುತ್ತಿದ್ದ ಬೆಳಿಗ್ಗೆ ಅವಳು ಹೋದಳು. ಹಿಂದಿನ ದಿನ ಆಸ್ಪತ್ರೆಯಲ್ಲಿ ನನ್ನನ್ನು ಕೇಳಿದ್ದಳು, "ಏನಾದ್ರೂ ಬಂತಾ?" "ಇಲ್ಲ" ಎಂದೆ. ತೃಪ್ತಿಯಿಂದ ತಲೆಯಾಡಿಸಿದಳು.

ಅಂತ್ಯಕ್ರಿಯೆಗೆ ಶಿಗೆನೊ ಬರಲಿಲ್ಲ. ಮಕಿತಾ ಅಜ್ಜ ಬಂದ, ಕ್ಷೌರದಂಗಡಿಯವಳು ಬಂದಳು, ಶೆಡ್ಡಿನ ಮುದುಕಿಯರೆಲ್ಲ ಬಂದರು. ಧೂಪವಿಲ್ಲದೆ ಏನು ಮಾಡಬೇಕೆಂದು ತಿಳಿಯದೆ ಒಬ್ಬರ ಹಿಂದೊಬ್ಬರು ನಿಂತು, ಕೊಟ್ಟ ಬಿಳಿ ಹೂವನ್ನು ಪೆಟ್ಟಿಗೆಯ ಮೇಲಿಟ್ಟರು. ನಾನು ಆ ದಿನ ಶಿಗೆನೊಳನ್ನು ಮನಸಾರೆ ಬೈದುಕೊಂಡೆ.

ಈ ತಿಂಗಳ ಮೂರನೇ ಶನಿವಾರ ನಾನು ಮೊಳೆಯಿಂದ ಚೀಲ ತೆಗೆದುಕೊಂಡು ಚರ್ಚಿಗೆ ಹೋದೆ. ನರುಸೆಯವರು ಸಂಕೋಚಪಟ್ಟರು. "ರಿತ್ಸು ಅವರೇ, ನೀವು ನಮ್ಮ ಸಭೆಯವರಲ್ಲ. ಬಲವಂತ ಏನಿಲ್ಲ."

"ಚೀಲ ಹೊರೋದು ನನ್ನ ಕೆಲಸ ಗುರುಗಳೇ" ಎಂದೆ. ಇಬ್ಬಿಬ್ಬರೆಂಬ ಪದ್ಧತಿಯ ಬಗ್ಗೆ ಅವರೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಅದೇ ಏಡಿಯನ್ನು ಮತ್ತೆ ಅಚ್ಚು ಹಾಕಿಸಿದ್ದರು.

ಕಡೋವಾಕಿ ಮನೆಯ ಡಬ್ಬಿಗೆ ಹೊಸ ಚೀಟಿ ಬಂದಿರಲಿಲ್ಲ. ಕರಪತ್ರ ಹಾಕಲು ಕೈ ಚಾಚಿದಾಗ ಬಾಗಿಲು ಸರಿಯಿತು. ಶಿಗೆನೊಗೆ ಈಗ ಎಪ್ಪತ್ತೊಂಬತ್ತು. ಬೆನ್ನು ಬಾಗಿದೆ. ಕಣ್ಣು ಮಾತ್ರ ಕಿನುಯೊಳದೇ.

"ಲೈಬ್ರರಿ ರಿತ್ಸು ಅಲ್ವಾ?"

"ಹೌದಕ್ಕಾ."

"ಅದನ್ನ ಡಬ್ಬೀಗೆ ಹಾಕ್ಬೇಡ." ಬಾಗಿಲನ್ನು ಪೂರ್ತಿ ಸರಿಸಿ, "ಬಾ" ಎಂದಳು.

ನಲವತ್ತು ವರ್ಷ ಒಬ್ಬಳು ಕಾದ ಮಾತು. ನನಗೆ ಹೇಳಿದಳು. ಚಪ್ಪಲಿ ಬಿಟ್ಟು ಒಳಗೆ ಹೋದೆ.

ಒಳಕೋಣೆಯಲ್ಲಿ ಹಿರಿಯರ ಗೂಡು. ಅಪ್ಪನ ಫೋಟೋ, ಪಕ್ಕದಲ್ಲಿ ಶಿಗೆನೊಳ ಗಂಡನ ಫೋಟೋ. ಅಪ್ಪನ ಫೋಟೋಗೆ ಒರಗಿಸಿ, ಹನ್ನೊಂದು ಕಾಲಿನ ಏಡಿ. ಬಿಸಿಲಿಗೆ ಕಾಗದ ಹಳದಿಯಾಗಿತ್ತು. ಧೂಪದ ಬಟ್ಟಲು ನಡುವಿನಲ್ಲಿರಬೇಕಾದದ್ದು ಗೂಡಿನ ಎಡತುದಿಗೆ ಸರಿದಿತ್ತು.

"ಮನೆಗೆ ಏನೇ ಬಂದ್ರೂ ಮೊದ್ಲು ಅಪ್ಪನ ಮುಂದಿಡೋದು ನಮ್ಮಲ್ಲಿ" ಎಂದಳು ಶಿಗೆನೊ. "ಇಟ್ಟೆ. ತೆಗೆಯೋಕಾಗ್ಲಿಲ್ಲ. ಅವಳಿಗೆ ಧೂಪ ಆಗಲ್ವಲ್ಲ, ಹೊಗೆ ಆ ಕಡೆ ಹೋಗ್ದಿರ್ಲಿ ಅಂತ ಬಟ್ಲನ್ನ ಈ ಕಡೆ ಇಟ್ಟಿದೀನಿ."

ನಾನು ಕೇಳಿದೆ. "ಚೀಟಿ ನೀವೇ ತೆಗೆದ್ರಾ ಅಕ್ಕಾ?"

"ಗಾಳಿಗೆ ಹೋಗಿರ್ಬೇಕು" ಎಂದಳು, ಚಹಾ ಬಗ್ಗಿಸುತ್ತ.

ಗಾಳಿ ಅಂಟನ್ನೂ ಕೆರೆದು ಒರೆಸಿ ಹೋಗುವುದಿಲ್ಲ. "ಅವಳು ಕಾದಳು" ಎಂದಷ್ಟೇ ಹೇಳಿದೆ.

"ನಂಗೊತ್ತಿಲ್ವಾ?" ಲೋಟ ಕೆಳಗಿಟ್ಟಳು. "ತಿರುಗಿ ಏನು ಕೊಡ್ಲಿ ಅಂತ ತೋಚಲಿಲ್ಲ ಕಣೆ. ಬರಿಗೈಲಿ ಹೋಗೋಕಾಗುತ್ತಾ? ನಲ್ವತ್ತು ವರ್ಷ ಬಾಗಿಲು ಹಾಕ್ಕೊಂಡು ಕೂತೋಳು ಮೂಲಂಗಿ ಹಿಡ್ಕೊಂಡು ಹೋಗ್ಲಾ? ಒಂದಿನ ಕಾಕಿಹಣ್ಣು ಅಂದ್ಕೊಂಡೆ. ಒಂದಿನ ಅಮ್ಮನ ಕಿಮೊನೊ ತೆಗ್ದೆ, ಹುಳ ತಿಂದಿತ್ತು. ಏನಿಟ್ರೂ ಸಣ್ಣದೇ ಕಾಣ್ತು. ಯೋಚ್ನೆ ಮಾಡ್ತಾ ಮಾಡ್ತಾ ಫೆಬ್ರವರಿ ಬಂತು."

"ಅಂತ್ಯಕ್ರಿಯೆಗಾದ್ರೂ..."

"ಅಲ್ಲಿ ಹೂ ಇಡ್ಬೇಕಂತಲ್ಲ. ಎಲ್ಲರ ಮುಂದೆ ಹೋಗಿ, ನನ್ನ ಕೈ ಏಳ್ದೇ ನಿಂತುಬಿಟ್ರೆ? ಅವಳು ಮಾಡಿದ ಹಾಗೆ ನಾನೂ ಮಾಡಿಬಿಟ್ರೆ ಅಂತ ಭಯ ಆಯ್ತು."

ಚಹಾ ಆರಿತು. ನಾನು ಗೂಡಿನ ಮುಂದೆ ಕೂತೆ. ಬೇಗ ಏಳಲಿಲ್ಲ.

ಹೊರಡುವಾಗ ಅವಳು ಸೂರಿನಿಂದ ಒಣಗಿದ ಕಾಕಿಹಣ್ಣಿನ ಸರವೊಂದನ್ನು ಬಿಚ್ಚಿ ತಂದಳು. "ತಗೊ. ಎರಡು ಸಲದ ಕಾಗದಕ್ಕೂ ಸೇರಿ."

ಅಭ್ಯಾಸದಿಂದ ನನ್ನ ಎರಡೂ ಕೈ ಮುಂದೆ ಹೋದವು. ಹಾಗೇ ನಿಂತವು.

"ಬೇಡಕ್ಕಾ."

"ಯಾಕೆ, ನಮ್ಮನೆ ಹಣ್ಣು ಕಹೀನಾ?"

"ಇಪ್ಪತ್ನಾಲ್ಕನೇ ತಾರೀಕು ಸಂಜೆ ನೀವೇ ತನ್ನಿ. ಅವಳ ಪಕ್ಕದ ಕುರ್ಚಿ ನಿಮಗೆ ಅಂತ ಹಿಡಿದಿದ್ಲು."

"ನಾನು ಅಲ್ಲಿ ಕೈ ಮುಗಿಯೋಳಲ್ಲ."

"ನಾನೂ ಮುಗಿಯೋಳಲ್ಲ. ಅವಳ ಕುರ್ಚೀಲಿ ನಾನು ಕೂತಿರ್ತೀನಿ. ಪಕ್ಕದಲ್ಲಿ ಕೂತ್ಕೊಳ್ಳಿ."

ಶಿಗೆನೊ ಸೂರಿನ ಕಡೆ ತಿರುಗಿದಳು. ಕಾಲ್ಬೆರಳ ಮೇಲೆ ನಿಂತು, ಆ ಸರವನ್ನು ಇದ್ದ ಮೊಳೆಗೇ ಮತ್ತೆ ಕಟ್ಟಿದಳು. ಕೊಂಚ ಸರಿಪಡಿಸಿ, ಬಿಸಿಲು ಬೀಳುವ ಕಡೆಗೆ ತಿರುಗಿಸಿದಳು.

ಮನೆಗೆ ಬಂದು ಚೀಲ ನೋಡಿದರೆ ಒಂದು ಕರಪತ್ರ ಉಳಿದಿತ್ತು. ಕೊಡುವವರಿರಲಿಲ್ಲ. ನಾನೇ ತೆಗೆದುಕೊಂಡು ಅಡುಗೆಮನೆಯ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಹಿತ್ತಲಲ್ಲಿ ಯುಜು ಗಿಡ ಈ ವರ್ಷ ಬಾಗುವಷ್ಟು ಕಾಯಿ ಬಿಟ್ಟಿದೆ. ಮುರಬ್ಬ ಮಾಡಿಲ್ಲ.